ಶಿರಾಜಿನ ಉಪ್ಪಿನ ಚೀಲ

ಇರಾನಿನ ಶಿರಾಜ್ ಊರಿನ ವಕೀಲ್ ಬಜಾರಿಗೆ ಹೋಗಿದ್ದು ಮನೆಗೊಂದು ರತ್ನಗಂಬಳಿ ತರೋಣ ಅಂತ. ಆದರೆ ಅಂಗಡಿಯ ಮೂಲೆಯಲ್ಲಿ ಮೊಳೆಗೆ ನೇತುಹಾಕಿದ್ದ ಸಣ್ಣ ಚೀಲವೊಂದು ಕಣ್ಣಿಗೆ ಬಿತ್ತು. ಕೆಳಗೆ ಅಗಲ, ಮೇಲೆ ಹೂಜಿಯ ಹಾಗೆ ಸಣ್ಣ ಕುತ್ತಿಗೆ. ಇದೇನು ಅಂತ ಕೇಳಿದೆ. "ನಮಕ್‌ದಾನ್" ಅಂದರು ಅಂಗಡಿಯ ಹಿರಿಯರು. ಆ ಒಂದು ಮಾತಿಗೆ ಅನುವಾದ ಬೇಕಾಗಲಿಲ್ಲ. ಕುರಿ ಮೇಕೆ ಮೂತಿ ತೂರಿಸಿ ಉಪ್ಪು ನೆಕ್ಕಬಾರದು, ದಾರಿಯಲ್ಲಿ ಚೆಲ್ಲಬಾರದು, ಅದಕ್ಕೇ ಆ ಕುತ್ತಿಗೆ.

ನೇಯ್ದವರು ಕಶ್ಕಾಯಿಗಳು. ತುರ್ಕಿ ಮೂಲದ ಭಾಷೆಯಾಡುವ ಅಲೆಮಾರಿ ಕುರಿಗಾಹಿಗಳು. ಚಳಿಗಾಲಕ್ಕೆ ಪರ್ಷಿಯನ್ ಕೊಲ್ಲಿಯ ಕಡೆಯ ತಗ್ಗುನಾಡು, ಬೇಸಿಗೆಗೆ ಜಾಗ್ರೋಸ್ ಬೆಟ್ಟ. ಮಗ್ಗ ಅಂದರೆ ನೆಲಕ್ಕೆ ಗೂಟ ಹೊಡೆದು ಬಿಗಿದ ಎರಡು ಮರದ ತೊಲೆ. ಹೊರಡುವ ದಿನ ಬಂದರೆ ಅರ್ಧ ನೇಯ್ದಿದ್ದನ್ನು ಹಾಗೇ ಸುತ್ತಿ ಹೇರಿಕೊಂಡು ಹೋಗುವುದು. 1930ರ ದಶಕದಲ್ಲಿ ಇರಾನಿನ ದೊರೆ ರೆಜಾ ಶಾ ಅಲೆಮಾರಿಗಳನ್ನು ಬಲವಂತವಾಗಿ ಒಂದೆಡೆ ನೆಲೆ ನಿಲ್ಲಿಸಲು ಹೊರಟ. ಬದುಕಿನ ದಾರಿಯನ್ನೇ ಮುಚ್ಚಿದ ಆ ಕ್ರಮ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪಕ್ಕದಲ್ಲೇ ಖುರ್ಜಿನ್ ಇತ್ತು. ಪ್ರಾಣಿಯ ಬೆನ್ನ ಮೇಲೆ ಎರಡೂ ಕಡೆ ಇಳಿಬೀಳುವ ಜೋಡಿಚೀಲ. ನಮ್ಮ ಹಸುಬೆಯೇ! ಅಜ್ಜನ ಕಾಲದ್ದೊಂದು ನಮ್ಮ ಅಟ್ಟದಲ್ಲಿತ್ತು, ಗೆದ್ದಲು ತಿಂದುಹೋಯಿತು. ಅದನ್ನು ಉಳಿಸಿಕೊಳ್ಳಲಿಲ್ಲವಲ್ಲ ಎಂಬ ನೋವು ಅಂದು ಆ ಅಂಗಡಿಯಲ್ಲಿ ನಿಂತಾಗ ಮತ್ತೆ ಎದ್ದಿತು.

ಹಿರಿಯರು ಹಳೆಯ ಖುರ್ಜಿನ್ನಿನ ಗಂಟುನೇಯ್ಗೆಯನ್ನು ಎರಡೂ ಹೆಬ್ಬೆರಳಿನಿಂದ ಬಿಡಿಸಿ ತೋರಿಸಿದರು. ಎಳೆಯ ಬುಡದಲ್ಲೂ ತುದಿಯಲ್ಲೂ ಕೆಂಪು ಒಂದೇ. "ರೊನಾಸ್" ಅಂದರು, ಮಂಜಿಷ್ಠದ ಜಾತಿಯ ಬೇರಿನ ಬಣ್ಣ. ಇನ್ನೊಂದರಲ್ಲಿ ಬುಡ ನೇರಳೆ, ತುದಿ ಬೂದಿ. ಅದು ಹತ್ತೊಂಬತ್ತನೇ ಶತಮಾನದ ಕೊನೆಗೆ ಹರಡಿದ ರಾಸಾಯನಿಕ ಬಣ್ಣದ ಪಾಡು. ಅಲ್ಲಿಂದ ಮುಂದೆ ನಾನು ಪ್ರತಿಯೊಂದನ್ನೂ ಬಿಡಿಸಿ ನೋಡತೊಡಗಿದೆ. ಒಂದೇ ನೀಲಿಯೊಳಗೆ ಪಟ್ಟೆಪಟ್ಟೆಯಾಗಿ ಛಾಯೆ ಬದಲಾಗಿತ್ತು. ಬೇರೆ ಬೇರೆ ಸಲ ಅದ್ದಿದ ಉಣ್ಣೆ. ಇದಕ್ಕೆ "ಅಬ್ರಶ್" ಎನ್ನುತ್ತಾರೆ. ಅರಮನೆಯ ಗಂಬಳಿಗಳ ಅಚ್ಚುಕಟ್ಟಿಗಿಂತ ನನಗೆ ಇದೇ ಹೆಚ್ಚು ಚೆಂದ.

ಹಳೆಯದು ಕೈಗೆಟುಕಲಿಲ್ಲ. ಈಚಿನ ನಮಕ್‌ದಾನ್ ಒಂದನ್ನು ತಂದು ಹಜಾರದ ಗೋಡೆಗೆ ಹಾಕಿದೆ. ಅಮ್ಮ ಊರಿಂದ ಬಂದಾಗ ಅದರ ಕುತ್ತಿಗೆಯೊಳಗೆ ಕೈ ತೂರಿಸಿ ನೋಡಿದಳು.

"ಇದ್ರಲ್ಲಿ ಏನಿಡ್ತಿದ್ರೋ?"

"ಉಪ್ಪು ಕಣಮ್ಮ."

"ಹಂಗಾದ್ರೆ ಇಲ್ಯಾಕೆ ನೇತಾಕಿದೀಯ?"

ಈಗ ಅದು ಅಡುಗೆಮನೆಯಲ್ಲಿದೆ, ಬಿಸಿಲು ತಾಗದ ಗೋಡೆಗೆ. ಅಮ್ಮ ಒಳಗೆ ಒಂದು ಹಿಡಿ ಕಲ್ಲುಪ್ಪು ಹಾಕಿಟ್ಟಿದ್ದಾಳೆ.