ಎಮರ್ಜೆನ್ಸಿ ಬೋರ್ಡಿನ ಹಿಂದೆ ಆಸ್ಪತ್ರೆ ಇದೆಯೇ?

ಅಮೆರಿಕದಲ್ಲಿ, ಅದರಲ್ಲೂ ಟೆಕ್ಸಾಸ್, ಕೊಲೊರಾಡೊ, ಒಹಾಯೊ ಕಡೆ, ಅಂಗಡಿ ಸಾಲಿನ ಪಕ್ಕದಲ್ಲೇ ಎಮರ್ಜೆನ್ಸಿ ಎಂಬ ಬೋರ್ಡ್ ಹೊತ್ತ ಸಣ್ಣ ಕಟ್ಟಡಗಳು ಕಾಣುತ್ತವೆ. ಇವು ಫ್ರೀಸ್ಟ್ಯಾಂಡಿಂಗ್ ಇ.ಆರ್., ಅಂದರೆ ಆಸ್ಪತ್ರೆಯ ಕಟ್ಟಡದಿಂದ ಬೇರೆಯಾಗಿ ನಿಂತ ಎಮರ್ಜೆನ್ಸಿ ರೂಮ್‌ಗಳು (ತುರ್ತು ಚಿಕಿತ್ಸಾ ಕೇಂದ್ರಗಳು). ಸಣ್ಣಪುಟ್ಟ ಕಾಯಿಲೆ ನೋಡುವ ಅರ್ಜೆಂಟ್ ಕೇರ್ ಅಲ್ಲ, ಆಸ್ಪತ್ರೆಯೂ ಅಲ್ಲ. ಒಳಗೆ 24 ಗಂಟೆಯೂ ವೈದ್ಯರು, ನರ್ಸ್, ಲ್ಯಾಬ್, ಎಕ್ಸ್-ರೇ, ಸಿ.ಟಿ. ಸ್ಕ್ಯಾನ್ ಇರುತ್ತವೆ. ಆಪರೇಷನ್ ಥಿಯೇಟರ್, ಐ.ಸಿ.ಯು., ಹೆರಿಗೆ ವಾರ್ಡ್, ಹೃದಯದ ರಕ್ತನಾಳ ತೆರೆಯುವ ಕ್ಯಾಥ್ ಲ್ಯಾಬ್ ಸಾಮಾನ್ಯವಾಗಿ ಇರುವುದಿಲ್ಲ.

ಹಾಗಾಗಿ ಹೊರಡುವ ಮುಂಚೆ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇದು ನೋಡಿಸಿಕೊಂಡು ಮನೆಗೆ ಮರಳುವ ತೊಂದರೆಯೋ, ಅಡ್ಮಿಟ್ ಆಗಬೇಕಾದದ್ದೋ?

ಎದೆನೋವನ್ನೇ ತೆಗೆದುಕೊಳ್ಳಿ. ಹೃದಯಾಘಾತದಲ್ಲಿ ರಕ್ತನಾಳ ಪೂರ್ತಿ ಮುಚ್ಚಿದ್ದರೆ, ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆಗೆ ನೇರವಾಗಿ ಬಂದವರಿಗೆ 90 ನಿಮಿಷದೊಳಗೆ ಅದನ್ನು ತೆರೆಯುವುದು ಗುರಿ. ಬೇರೆ ಕಡೆಯಿಂದ ಕಳಿಸಬೇಕಾದರೆ 120 ನಿಮಿಷ. ಸಣ್ಣ ಕೇಂದ್ರದಲ್ಲಿ ಇ.ಸಿ.ಜಿ. ಬೇಗನೇ ಆಗುತ್ತದೆ. ಸಮಯ ತಿನ್ನುವುದು ಆಮೇಲಿನದು: ಆಸ್ಪತ್ರೆ ರೋಗಿಯನ್ನು ಒಪ್ಪಿಕೊಳ್ಳಬೇಕು, ಆಂಬುಲೆನ್ಸ್ ಬರಬೇಕು, ಮತ್ತೆ ದಾರಿ. ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆದರೆ ಆಂಬುಲೆನ್ಸಿನವರು ಮನೆಯಲ್ಲೇ ಇ.ಸಿ.ಜಿ. ತೆಗೆದು, ಬರುವಷ್ಟರಲ್ಲಿ ತಂಡ ಸಿದ್ಧವಾಗಿರುವಂತೆ ಆಸ್ಪತ್ರೆಗೆ ಮೊದಲೇ ತಿಳಿಸಬಲ್ಲರು. ದಯವಿಟ್ಟು ಎದೆನೋವಿನವರನ್ನು ಕಾರಿನಲ್ಲಿ ಕೂರಿಸಿಕೊಂಡು ಹತ್ತಿರದ ಬೋರ್ಡ್ ಹುಡುಕಬೇಡಿ.

ಪಾರ್ಶ್ವವಾಯುವಿಗೂ ಇದೇ ಮಾತು. ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿ. ರೋಗಿ ಚೆನ್ನಾಗಿದ್ದದ್ದು ಕೊನೆಗೆ ಕಂಡ ಹೊತ್ತಿನಿಂದ ಅದರ ಲೆಕ್ಕ, ಆ ಹೊತ್ತನ್ನು ಬರೆದಿಟ್ಟುಕೊಳ್ಳಿ. ದೊಡ್ಡ ಹೆಪ್ಪನ್ನು ರಕ್ತನಾಳದೊಳಗೆ ತೆಳು ನಳಿಕೆ ಹಾಕಿ ತೆಗೆಯುವ ಚಿಕಿತ್ಸೆಯಂತೂ ದೊಡ್ಡ ಆಸ್ಪತ್ರೆಯಲ್ಲಷ್ಟೇ ಸಾಧ್ಯ. ದೊಡ್ಡ ಅಪಘಾತ, ಐದು ತಿಂಗಳು ದಾಟಿದ ಗರ್ಭಿಣಿಯ ರಕ್ತಸ್ರಾವ, ಹುಡುಗರ ವೃಷಣದಲ್ಲಿ ದಿಢೀರನೆ ಬಂದ ನೋವು ಕೂಡ ಆಸ್ಪತ್ರೆಗೇ. ಕೊನೆಯದರಲ್ಲಿ ವೃಷಣ ಉಳಿಸಿಕೊಳ್ಳಲು ಸಿಗುವುದು ಸುಮಾರು ಆರು ಗಂಟೆ.

ಹೊಲಿಗೆ ಬೇಕಾದ ಗಾಯ, ಮುರಿದಿರಬಹುದಾದ ಮಣಿಕಟ್ಟು, ವಾಂತಿಯಿಂದ ಸುಸ್ತಾದ ಮಗುವಿಗೆ ಡ್ರಿಪ್, ಕಿಡ್ನಿ ಕಲ್ಲಿನ ನೋವು: ಇವುಗಳಿಗೆ ಸಣ್ಣ ಕೇಂದ್ರ ಒಳ್ಳೆಯ ಆಯ್ಕೆ. ಕಾಯುವುದೂ ಸಾಮಾನ್ಯವಾಗಿ ಕಡಿಮೆ. ದೊಡ್ಡ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿಯೂ ವಾರ್ಡಿನಲ್ಲಿ ಜಾಗ ಸಿಗದವರು ಇ.ಆರ್. ಹಾಸಿಗೆಯಲ್ಲೇ ಉಳಿಯುತ್ತಾರೆ, ಹೊರಗಿನವರ ಸರದಿ ಅದಕ್ಕೇ ನಿಧಾನ.

ಅಪೆಂಡಿಕ್ಸ್ ನಡುವಿನದು. ಸ್ಕ್ಯಾನ್ ಇಲ್ಲೇ ಆಗುತ್ತದೆ, ಆಪರೇಷನ್ನಿಗೆ ಬೇರೆ ಕಡೆ ಹೋಗಬೇಕು. ಆಗ ಎರಡನೇ ಇ.ಆರ್.ನಲ್ಲಿ ಮತ್ತೆ ಸರದಿ ಹಿಡಿಯದೆ ನೇರವಾಗಿ ವಾರ್ಡಿಗೆ ಸೇರಿಸಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ಸ್ಕ್ಯಾನಿನ ಚಿತ್ರಗಳು ಜೊತೆಗೇ ಬರಲಿ, ಇಲ್ಲದಿದ್ದರೆ ಮತ್ತೊಮ್ಮೆ ಸ್ಕ್ಯಾನ್ ಮಾಡಬೇಕಾದೀತು.

ಇನ್ನು ಬಿಲ್. ಕಟ್ಟಡ ಚಿಕ್ಕದೆಂದು ಬಿಲ್ ಚಿಕ್ಕದಾಗುವುದಿಲ್ಲ. ಇಲ್ಲೂ ಆಸ್ಪತ್ರೆಯ ಇ.ಆರ್.ನಂತೆಯೇ ಫೆಸಿಲಿಟಿ ಫೀ (ಕೇಂದ್ರದ ಶುಲ್ಕ), ವೈದ್ಯರದ್ದು ಬೇರೆ. ಗಂಟಲು ನೋವಿಗೆ ಅರ್ಜೆಂಟ್ ಕೇರ್ ಎಂದುಕೊಂಡು ಇಲ್ಲಿ ಹೊಕ್ಕವರಿಗೆ ಬಿಸಿ ಮುಟ್ಟುವುದು ಇಲ್ಲೇ. ಕೌಂಟರಿನಲ್ಲಿ 'ನಿಮ್ಮ ಇನ್ಶೂರೆನ್ಸ್ ತಗೋತೀವಿ' ಎಂದರೆ ಆ ಕೇಂದ್ರ ನಿಮ್ಮ ನೆಟ್‌ವರ್ಕಿನಲ್ಲಿದೆ, ಅಂದರೆ ನಿಮ್ಮ ವಿಮಾ ಕಂಪನಿಯೊಂದಿಗೆ ದರದ ಒಪ್ಪಂದ ಮಾಡಿಕೊಂಡಿದೆ, ಎಂದು ಅರ್ಥವಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಕಾಯ್ದೆಯಿಂದಾಗಿ, ತುರ್ತು ಚಿಕಿತ್ಸೆಗೆ ನೆಟ್‌ವರ್ಕಿನ ಹೊರಗಿನ ಕೇಂದ್ರವೂ ನೆಟ್‌ವರ್ಕಿನೊಳಗಾಗಿದ್ದರೆ ನೀವು ಕೊಡಬೇಕಿದ್ದ ಪಾಲಿಗಿಂತ ಹೆಚ್ಚನ್ನು ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ಈ ರಕ್ಷಣೆ ಬಿಟ್ಟುಕೊಡುವ ಒಪ್ಪಿಗೆ ಪತ್ರ ಮುಂದಿಟ್ಟರೆ ಓದದೆ ಸಹಿ ಹಾಕಬೇಡಿ. ರಸ್ತೆಯ ಆಂಬುಲೆನ್ಸ್ ಈ ಕಾಯ್ದೆಗೆ ಒಳಪಡುವುದಿಲ್ಲ, ಹಾಗಾಗಿ ಆಸ್ಪತ್ರೆಗೆ ಸಾಗಿಸಿದ ಬಿಲ್ ಬೇರೆಯಾಗಿ ಬರಬಹುದು.

ಹಿರಿಯರಿದ್ದರೆ ಇನ್ನೊಂದು ಎಚ್ಚರ. ಆಸ್ಪತ್ರೆಗೆ ಸೇರಿದ ಕೇಂದ್ರಗಳು ಮೆಡಿಕೇರ್‌ಗೆ (ಹಿರಿಯರ ಸರ್ಕಾರಿ ವಿಮೆ) ಬಿಲ್ ಕಳಿಸಬಲ್ಲವು, ಸ್ವತಂತ್ರ ಕೇಂದ್ರಗಳನ್ನು ಮೆಡಿಕೇರ್ ಮಾನ್ಯ ಮಾಡುವುದಿಲ್ಲ. ಕೋವಿಡ್ ಕಾಲದ ತಾತ್ಕಾಲಿಕ ವಿನಾಯಿತಿಯೂ 2023ರ ಮೇನಲ್ಲಿ ಮುಗಿಯಿತು. ಊರಿಂದ ಬಂದ ಅಪ್ಪ-ಅಮ್ಮನ ಪ್ರವಾಸಿ ವಿಮೆಗೂ ನೋ ಸರ್ಪ್ರೈಸಸ್ ಕಾಯ್ದೆಯ ರಕ್ಷಣೆ ಇಲ್ಲ. ಆರೋಗ್ಯ ಸರಿಯಿರುವಾಗಲೇ ಮನೆ ಹತ್ತಿರದ ಕೇಂದ್ರಕ್ಕೆ ಫೋನ್ ಮಾಡಿ ಕೇಳಿಟ್ಟುಕೊಳ್ಳಿ: ಯಾವ ಆಸ್ಪತ್ರೆಗೆ ಸೇರಿದ್ದು, ನಮ್ಮ ನೆಟ್‌ವರ್ಕಿನಲ್ಲಿದೆಯೇ, ಅಡ್ಮಿಟ್ ಆಗಬೇಕಾದವರನ್ನು ಎಲ್ಲಿಗೆ ಕಳಿಸುತ್ತೀರಿ.