ಯಾವುದಕ್ಕೂ ಇರಲಿ ಅಂತ ಕಳಿಸಿದೆ

2018ರ ಮೇ ತಿಂಗಳ ಕೊನೆಯ ವಾರ ಅರಸೀಕೆರೆಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಅವರು ಎಲೆಯಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕನ್ನಡಕ ಹಾಕಿಕೊಂಡು, ಫೋನಿನಲ್ಲಿ ಒಂದು ವಿಡಿಯೊ ತೆರೆದು ನನ್ನ ಕೈಗೆ ಕೊಟ್ಟರು. ಓಣಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೊರಟುಹೋಗುತ್ತಾರೆ. ಅದರ ಕೆಳಗೆ, ಹೊರರಾಜ್ಯದಿಂದ ಮಕ್ಕಳ ಕಳ್ಳರು ಬಂದಿದ್ದಾರೆ, ಎಲ್ಲರಿಗೂ ತಿಳಿಸಿ ಎಂಬ ಕನ್ನಡದ ಒಕ್ಕಣೆ. ಬೆಳಿಗ್ಗೆಯಿಂದ ಅದನ್ನು ಅವರು ನಮ್ಮ ಕುಟುಂಬದ ಗುಂಪಿಗೂ ಭಜನಾ ಮಂಡಳಿಯ ಗುಂಪಿಗೂ ಕಳಿಸಿಯಾಗಿತ್ತು.

“ಇದು ನಿಜ ಅಂತ ನಂಬ್ತೀಯಾ ಚಿಕ್ಕಮ್ಮ?” ಎಂದು ಕೇಳಿದೆ.

“ನಿಜವೋ ಸುಳ್ಳೋ ನನಗೇನು ಗೊತ್ತು? ಯಾವುದಕ್ಕೂ ಇರಲಿ ಅಂತ ಕಳಿಸಿದೆ. ಮಕ್ಕಳಿರೋ ಮನೆಗಳಲ್ವಾ” ಎಂದರು.

ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವ ನನಗೆ ಆ ಉತ್ತರ ಇಷ್ಟು ವರ್ಷವಾದರೂ ಮನಸ್ಸಿನಿಂದ ಹೋಗಿಲ್ಲ. ಸುಳ್ಳು ಸುದ್ದಿಯ ಬಗ್ಗೆ ನಾವು ಸಾಮಾನ್ಯವಾಗಿ ಮಾತನಾಡುವುದು ನಂಬಿಕೆಯ ಭಾಷೆಯಲ್ಲಿ: ಜನ ನಂಬುತ್ತಾರೆ, ಆದ್ದರಿಂದ ಹರಡುತ್ತಾರೆ, ನಂಬದಂತೆ ಕಲಿಸಿದರೆ ಹರಡುವುದು ನಿಲ್ಲುತ್ತದೆ ಎಂದು. ಚಿಕ್ಕಮ್ಮನ ಮಾತಿನಲ್ಲಿ ನಂಬಿಕೆಯ ಪ್ರಶ್ನೆಯೇ ಇರಲಿಲ್ಲ. ಅಲ್ಲಿದ್ದದ್ದು ಅಂಜಿಕೆ ಮತ್ತು ತನ್ನವರ ಮೇಲಿನ ಕಾಳಜಿ.

ಆ ವಿಡಿಯೊ ಚಿತ್ರಿತವಾದದ್ದು ಕರಾಚಿಯಲ್ಲಿ. ರೋಷ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರ ಮೂಡಿಸಲು ಅದನ್ನು ಮಾಡಿಸಿತ್ತು. ಮೂಲದಲ್ಲಿ ಬೈಕಿನವರು ಮಗುವನ್ನು ಮರಳಿ ತಂದು ಇಳಿಸಿ, ಎಚ್ಚರಿಕೆಯ ಫಲಕವೊಂದನ್ನು ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಹರಿಯಬಿಟ್ಟಿದ್ದರು. ನಾನು ಚಿಕ್ಕಮ್ಮನ ಮನೆಯಲ್ಲಿ ಕೂತಿದ್ದುದಕ್ಕೆ ಕೆಲವೇ ದಿನ ಮುಂಚೆ, ಮೇ 23ರಂದು, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಗುಂಪು ಹೊಡೆದು ಕೊಂದಿತ್ತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಇದೇ ರೀತಿ ಸತ್ತರು. ಅವರ ಜೊತೆಗಿದ್ದವರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಕಾರು ಮುಂದಿನ ಊರು ಮುಟ್ಟುವಷ್ಟರಲ್ಲಿ ವಾಟ್ಸ್‌ಆ್ಯಪ್ ಸಂದೇಶ ಅಲ್ಲಿಗೆ ಮುಟ್ಟಿತ್ತು.

ಗಾಳಿಸುದ್ದಿಯ ಬಗ್ಗೆ ನಡೆದ ಅಧ್ಯಯನಗಳಲ್ಲಿ ನನಗೆ ಇವತ್ತಿಗೂ ಹೆಚ್ಚು ಬೆಳಕು ಕೊಡುವುದು ಫೋನು, ಇಂಟರ್‌ನೆಟ್ ಯಾವುದೂ ಇಲ್ಲದ ಕಾಲದ್ದು, ಅದೂ ನಮ್ಮ ದೇಶದ್ದೇ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಆ ದಿನಗಳಲ್ಲಿ ಜನರ ನಡುವೆ ಓಡಾಡುತ್ತಿದ್ದ ವದಂತಿಗಳನ್ನು ಜಮುನಾ ಪ್ರಸಾದ್ ಎಂಬ ಮನೋವಿಜ್ಞಾನಿ ಶ್ರದ್ಧೆಯಿಂದ ಬರೆದಿಟ್ಟುಕೊಂಡು 1935ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಕಂಪನದ ಹೊತ್ತಿಗೆ ಗಂಗೆಯ ನೀರೇ ಮಾಯವಾಯಿತಂತೆ, ಸ್ನಾನಕ್ಕೆ ಇಳಿದಿದ್ದವರು ಮರಳಿನಲ್ಲಿ ಹೂತುಹೋದರಂತೆ. ಪಟ್ನಾಕ್ಕೆ ದೊಡ್ಡ ಬಿರುಗಾಳಿ ಬರುವುದಂತೆ. ಚಂದ್ರಗ್ರಹಣದ ದಿನ ಇನ್ನೂ ದೊಡ್ಡ ಅನಾಹುತ ಕಾದಿದೆಯಂತೆ. ಎಲ್ಲವೂ ‘ಅಂತೆ’ಯಲ್ಲೇ ಕೊನೆಗೊಳ್ಳುವ ವಾಕ್ಯಗಳು. ಯಾರೋ ಹೇಳಿದ್ದನ್ನು, ತನ್ನ ಹೊಣೆಯಿಲ್ಲದೆ, ಇನ್ನೊಬ್ಬರಿಗೆ ದಾಟಿಸಲು ಕನ್ನಡದಲ್ಲಿ ಎರಡಕ್ಷರ ಸಾಕು, ಮತ್ತು ಫಾರ್ವರ್ಡ್ ಬಟನ್ನು ಮಾಡುವ ಕೆಲಸವೂ ಅದೇ ಎಂದು ನನಗೆ ಅನ್ನಿಸುತ್ತದೆ.

ಈ ಸಾಮಗ್ರಿಯಲ್ಲಿ ಒಂದು ಒಗಟು ಇತ್ತು. ಭೂಮಿ ನಡುಗಿದ್ದು ಅನುಭವಕ್ಕೆ ಬಂದಿದ್ದರೂ ಮನೆ ಮಠ ಕಳೆದುಕೊಳ್ಳದೆ, ಸಾವು ನೋವು ಕಣ್ಣಾರೆ ಕಾಣದೆ ಉಳಿದ ಊರುಗಳಲ್ಲಿ, ಮುಂದೆ ಇನ್ನೂ ಕೆಟ್ಟದ್ದು ಬರಲಿದೆ ಎಂಬ ವದಂತಿಗಳು ದಟ್ಟವಾಗಿ ಹಬ್ಬಿದ್ದವು. ಹೆದರಿದವರು ಸಮಾಧಾನ ಕೊಡುವ ಸುದ್ದಿ ಹುಡುಕಬೇಕಲ್ಲವೇ, ಇನ್ನಷ್ಟು ಹೆದರಿಸುವ ಸುದ್ದಿಯನ್ನು ತಾವೇ ಏಕೆ ಹರಡುತ್ತಾರೆ? ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಈ ಪ್ರಶ್ನೆಯನ್ನು ಹಿಡಿದುಕೊಂಡೇ, ಒಂದಕ್ಕೊಂದು ಹೊಂದದ ಭಾವನೆ, ತಿಳಿವಳಿಕೆಗಳನ್ನು ಮನುಷ್ಯ ಹೇಗಾದರೂ ಹೊಂದಿಸಿಕೊಳ್ಳಲು ನೋಡುತ್ತಾನೆ ಎಂಬ ತಮ್ಮ ಪ್ರಸಿದ್ಧ ಸಿದ್ಧಾಂತದ ಕಡೆಗೆ ನಡೆದರು. ಅವರು ಕೊಟ್ಟ ಉತ್ತರ ಸರಳವಾದದ್ದು: ಆ ಮಾತುಗಳು ಭಯವನ್ನು ಹುಟ್ಟಿಸುತ್ತಿರಲಿಲ್ಲ, ಆಗಲೇ ಎದೆಯಲ್ಲಿ ಕೂತಿದ್ದ ಭಯಕ್ಕೆ ಒಂದು ಕಾರಣ ಒದಗಿಸುತ್ತಿದ್ದವು. ಸುತ್ತಲೂ ಎಲ್ಲ ಸರಿಯಾಗಿದ್ದೂ ತನ್ನೊಳಗೆ ಮಾತ್ರ ನಡುಕ ನಿಲ್ಲದಿದ್ದಾಗ ಮನುಷ್ಯ ಆ ನಡುಕಕ್ಕೆ ತಕ್ಕ ಸುದ್ದಿಯನ್ನು ಹುಡುಕುತ್ತಾನೆ. ಡಾರ್ಜಿಲಿಂಗಿನಲ್ಲಿ ಭೂಕುಸಿತವಾದಾಗ ಮನೋವಿಜ್ಞಾನಿ ದುರ್ಗಾನಂದ ಸಿನ್ಹಾ ನಡೆಸಿ 1952ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಜೋಡಿ. ಹಾನಿಯನ್ನು ಕಣ್ಣಾರೆ ಕಂಡಿದ್ದ ಅಲ್ಲಿನ ಜನರಲ್ಲಿ ಅಂಥ ಅತಿರಂಜಿತ ವದಂತಿಗಳು ಹುಟ್ಟಿರಲಿಲ್ಲ.

ಇದನ್ನು ಓದುವಾಗ ನನಗೆ ನೆನಪಾದದ್ದು 1990ರ ದಶಕದಲ್ಲಿ ನಮ್ಮ ಕಡೆ ಮನೆ ಬಾಗಿಲುಗಳ ಮೇಲೆ ಬರೆದಿದ್ದ ‘ನಾಳೆ ಬಾ’. ರಾತ್ರಿ ಹೆಣ್ಣು ದೆವ್ವ ಬಂದು ಮನೆಯವರ ದನಿಯಲ್ಲೇ ಕೂಗುತ್ತದೆ, ಬಾಗಿಲ ಮೇಲಿನ ಬರಹ ಓದಿ ಹಿಂದಿರುಗುತ್ತದೆ ಎಂಬ ಮಾತು ಹಬ್ಬಿತ್ತು. ಅರಸೀಕೆರೆಯ ಆ ಮನೆಯ ಹಸಿರು ಬಾಗಿಲ ಮೇಲೂ ಸೀಮೆಸುಣ್ಣದ ದುಂಡನೆಯ ಅಕ್ಷರಗಳಿದ್ದವು. ಬರೆದವರು ಚಿಕ್ಕಮ್ಮನೇ, ಹೇಳಿದ ಕಾರಣವೂ ‘ಯಾವುದಕ್ಕೂ ಇರಲಿ’ ಎಂಬುದೇ. ಆದರೆ ಆ ಎರಡು ಕೆಲಸಗಳ ನಡುವಿನ ಅಂತರ ದೊಡ್ಡದು. ಸೀಮೆಸುಣ್ಣದ ಬರಹ ಅವರ ಬಾಗಿಲಲ್ಲೇ ಉಳಿಯಿತು, ಮಳೆಗೆ ತೊಳೆದುಹೋಯಿತು, ಯಾರಿಗೂ ಕೇಡು ಮಾಡಲಿಲ್ಲ. ಫೋನಿನಲ್ಲಿ ಅದೇ ಮುಂಜಾಗ್ರತೆ ಇನ್ನೊಬ್ಬರ ಮನೆ ಸೇರುತ್ತದೆ, ಅಲ್ಲಿಂದ ಮತ್ತೊಬ್ಬರದ್ದಕ್ಕೆ ಹೋಗುತ್ತದೆ, ಕೊನೆಗೆ ಅಪರಿಚಿತನೊಬ್ಬ ನಡೆದುಬರುತ್ತಿರುವ ಬೀದಿಯನ್ನು ಮುಟ್ಟುತ್ತದೆ.

ಬೆಂಗಳೂರು ಇದನ್ನು ವಾಟ್ಸ್‌ಆ್ಯಪ್ ಮನೆಮನೆಗೆ ಬರುವ ಮೊದಲೇ ಕಂಡಿತ್ತು. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಕೋಕ್ರಝಾರ್‌ನಲ್ಲಿ ಹಿಂಸಾಚಾರ ನಡೆದ ಬೆನ್ನಿಗೆ, ಈಶಾನ್ಯ ರಾಜ್ಯಗಳವರ ಮೇಲೆ ಇಲ್ಲಿ ದಾಳಿಯಾಗಲಿದೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿ, ಸಾವಿರಾರು ಜನ ಸಿಟಿ ರೈಲು ನಿಲ್ದಾಣದಲ್ಲಿ ಸೇರಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಅವರು ಹೊರಟದ್ದು ಸಂದೇಶ ನಂಬಿದ್ದರಿಂದ ಮಾತ್ರ ಎಂದು ನಾನು ಒಪ್ಪುವುದಿಲ್ಲ. ಬಾಡಿಗೆ ಮನೆ ಕೇಳಲು ಹೋದಾಗ, ಬಸ್ಸಿನಲ್ಲಿ, ಕೆಲಸದ ಜಾಗದಲ್ಲಿ ದಿನವೂ ಪರಕೀಯರಂತೆ ನಡೆಸಿಕೊಂಡದ್ದು ಅವರ ಮನಸ್ಸಿನಲ್ಲಿತ್ತು, ಊರಿನಿಂದ ತಂದೆತಾಯಿಗಳು ಫೋನು ಮಾಡಿ ಬಂದುಬಿಡು ಎನ್ನುತ್ತಿದ್ದರು. ಆಗ ಕೇಂದ್ರ ಸರ್ಕಾರ ಐದಕ್ಕಿಂತ ಹೆಚ್ಚು ಮಂದಿಗೆ ಒಟ್ಟಿಗೆ ಎಸ್‌ಎಂಎಸ್ ಕಳಿಸುವುದನ್ನು 15 ದಿನ ತಡೆಹಿಡಿಯಿತು. ಆರು ವರ್ಷಗಳ ನಂತರ ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್‌ಗೆ ಹಾಕಿದ ಮಿತಿಯೂ ಐದೇ. ಮಿತಿಯಿಂದ ವೇಗ ತಗ್ಗುತ್ತದೆ. ಜೀವ ಉಳಿಯುವ ಪ್ರಶ್ನೆ ಬಂದಾಗ ಅದು ಸಣ್ಣ ಸಂಗತಿಯಲ್ಲ.

ಇಂಥ ಸಂದೇಶಗಳನ್ನು ಸಂಶೋಧಕರು ಎರಡು ಬಗೆಯಲ್ಲಿ ಹಿಂಬಾಲಿಸಿದ್ದಾರೆ. ಕಿರಣ್ ಗರಿಮೆಲ್ಲಾ ಮತ್ತು ಡೀನ್ ಎಕಲ್ಸ್ 2019ರ ಲೋಕಸಭಾ ಚುನಾವಣೆಯ ಆಸುಪಾಸಿನಲ್ಲಿ ಸುಮಾರು 5,000 ಸಾರ್ವಜನಿಕ ರಾಜಕೀಯ ಗುಂಪುಗಳಿಂದ ಸಂಗ್ರಹಿಸಿದ ಸಂದೇಶಗಳನ್ನು ಪರಿಶೀಲಿಸಿ, ಹಂಚಿಕೆಯಾದ ಚಿತ್ರಗಳಲ್ಲಿ ಸುಮಾರು 13 ಶೇಕಡಾ ತಪ್ಪು ಮಾಹಿತಿಯವು ಎಂದು ಕಂಡುಕೊಂಡರು. ಕೈಚಳಕದಿಂದ ತಿದ್ದಿದ ಚಿತ್ರಗಳಿಗಿಂತ, ಎಲ್ಲಿಯದೋ ಎಂದಿನದೋ ನಿಜ ಚಿತ್ರವನ್ನು ಇಲ್ಲಿಯದೆಂದು ಹೇಳಿ ಕಳಿಸಿದವೇ ಅಲ್ಲಿ ಹೆಚ್ಚು. ಕರಾಚಿಯ ವಿಡಿಯೊ ಸಹ ಆ ಜಾತಿಯದೇ. ಎಣಿಕೆ ಬಹಳ ಮುಖ್ಯ. ಆದರೆ ಕಳಿಸುವ ಕೈಯ ಹಿಂದೆ ಏನಿದೆ ಎಂಬುದು ಎಣಿಕೆಗೆ ಸಿಗುವುದಿಲ್ಲ. ಅದಕ್ಕೆ ಜನರ ಜೊತೆ ಕೂತು ಮಾತನಾಡಬೇಕು. ಶಕುಂತಲಾ ಬಾನಾಜಿ ಮತ್ತು ರಾಮ್ ಭಟ್ ಮಾಡಿದ್ದು ಆ ಕೆಲಸ. ಕರ್ನಾಟಕವೂ ಸೇರಿದಂತೆ ನಾಲ್ಕು ರಾಜ್ಯಗಳಲ್ಲಿ ಜನರನ್ನು ಮಾತನಾಡಿಸಿ 2019ರಲ್ಲಿ ಅವರು ಮುಂದಿಟ್ಟ ವರದಿ, ತಂತ್ರಜ್ಞಾನ ಗೊತ್ತಿಲ್ಲದ ಮುಗ್ಧರು ಮೋಸ ಹೋಗುತ್ತಾರೆ ಎಂಬ ಕಥೆಯನ್ನು ತಳ್ಳಿಹಾಕುತ್ತದೆ. ಆಪ್ತರಿಂದ ಬಂದದ್ದು ಎಂಬ ವಿಶ್ವಾಸ, ತಿಳಿಸುವುದು ತನ್ನ ಕರ್ತವ್ಯ ಎಂಬ ಭಾವನೆ ಇವುಗಳ ಜೊತೆಗೆ ಮುಸ್ಲಿಮರು, ದಲಿತರು, ಆದಿವಾಸಿಗಳ ಮೇಲೆ ಮೊದಲೇ ಇರುವ ಪೂರ್ವಗ್ರಹ ಅಲ್ಲಿ ಕೆಲಸ ಮಾಡುತ್ತದೆ ಎಂದು ಅದು ನೇರವಾಗಿ ಹೇಳುತ್ತದೆ.

ಈ ಕೊನೆಯ ಮಾತು ನನಗೆ ನುಂಗಲು ಕಷ್ಟವಾಯಿತು, ಏಕೆಂದರೆ ಅದು ನಮ್ಮ ಮನೆಯ ಹೊಸ್ತಿಲಲ್ಲೇ ಕಂಡಿತ್ತು. ವಿಡಿಯೊ ತೋರಿಸಿದ ಅದೇ ಸಂಜೆ, ವರ್ಷವೂ ಬರುವ ಬೆಡ್‌ಶೀಟ್ ಮಾರುವವನು ಗಂಟು ಹೊತ್ತು ಬೀದಿಗೆ ಬಂದ. ಹರಕು ಕನ್ನಡದಲ್ಲಿ “ಅಮ್ಮಾ, ಹೊಸ ಡಿಸೈನು” ಎಂದ. ಚಿಕ್ಕಮ್ಮ ಪ್ರತಿ ಸಲ ಅವನಿಗೆ ನೀರು ಕೊಟ್ಟು ಚೌಕಾಸಿ ಮಾಡುತ್ತಿದ್ದವರು. ಆ ದಿನ ಮೊಮ್ಮಗುವನ್ನು ಒಳಗೆ ಎಳೆದುಕೊಂಡು, ಕಬ್ಬಿಣದ ಗೇಟಿನ ಚಿಲಕ ಹಾಕಿ, “ಏನೂ ಬೇಡ, ಹೋಗು” ಎಂದರು. ಎದುರು ಮನೆಯ ಇಬ್ಬರು ಹುಡುಗರು ಹೊರಗೆ ಬಂದು ನಿಂತರು. ಅವನು ಅವರನ್ನು ನೋಡಿದ, ಗಂಟನ್ನು ಮತ್ತೆ ಹೆಗಲಿಗೆ ಏರಿಸಿಕೊಂಡು ಬಂದ ದಾರಿಯಲ್ಲೇ ಬೇಗ ಬೇಗ ನಡೆದುಹೋದ. ಏನೂ ಆಗಲಿಲ್ಲ. ಆದರೆ ಚಾಮರಾಜಪೇಟೆಯಲ್ಲಿ ನಡೆದದ್ದೂ ಮೊದಲ ಐದು ನಿಮಿಷ ಹೀಗೆಯೇ ಇದ್ದಿರಬೇಕು ಎಂದು ನನಗೆ ಆ ರಾತ್ರಿಯೆಲ್ಲ ಅನ್ನಿಸಿತು. ಮಕ್ಕಳ ಮೇಲಿನ ಪ್ರೀತಿ ಮತ್ತು ಅವನ ಮೇಲಿನ ಅನುಮಾನ ಒಂದೇ ಚಿಲಕದಲ್ಲಿ ಇದ್ದವು. ವರ್ಷವೂ ಬರುವವನ ಹೆಸರನ್ನು ನಮ್ಮಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ.

ಹಾಗಾದರೆ ಜನರಿಗೆ ತಿಳಿವಳಿಕೆ ಕೊಟ್ಟರೆ ಏನಾಗುತ್ತದೆ? ರಾಜಕೀಯ ವಿಜ್ಞಾನಿ ಸುಮಿತ್ರಾ ಬದ್ರಿನಾಥನ್ 2019ರ ಚುನಾವಣೆಯ ಸಮಯದಲ್ಲಿ ಬಿಹಾರದಲ್ಲಿ 1,224 ಮಂದಿಯನ್ನು ಒಳಗೊಂಡ ಪ್ರಯೋಗ ನಡೆಸಿದರು. ಮನೆಗೇ ಹೋಗಿ ಸುಮಾರು ಒಂದು ಗಂಟೆ ಕೂತು, ಸುಳ್ಳು ಸುದ್ದಿಯನ್ನು ಪತ್ತೆಹಚ್ಚುವ ವಿಧಾನಗಳನ್ನು ಹೇಳಿಕೊಡಲಾಯಿತು. ಒಟ್ಟಾರೆಯಾಗಿ ನೋಡಿದರೆ ಅದರಿಂದ ಹೇಳಿಕೊಳ್ಳುವಂಥ ಪರಿಣಾಮ ಆಗಲಿಲ್ಲ. ಈ ಸೋಲನ್ನು ಅವರು ಮುಚ್ಚಿಡದೆ ಬರೆದದ್ದನ್ನು ನಾನು ತುಂಬಾ ಗೌರವಿಸುತ್ತೇನೆ. ಒಂದು ಗಂಟೆಯ ಪಾಠ ಒಂದು ಆಯುಷ್ಯದ ಅಂಜಿಕೆಯನ್ನು ಅಲುಗಿಸಬೇಕೆಂದು ನಿರೀಕ್ಷಿಸುವುದೇ ಹೆಚ್ಚು. ಮುಂದೆ ಅವರೂ ಸಹೋದ್ಯೋಗಿಗಳೂ ಅದೇ ಬಿಹಾರದ 583 ಹಳ್ಳಿಗಳಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳೊಂದಿಗೆ ಹಲವು ವಾರಗಳ ತರಗತಿಗಳನ್ನು ನಡೆಸಿದಾಗ ಫಲ ಬೇರೆಯಾಗಿತ್ತು. ಕಲಿತದ್ದು ತಿಂಗಳುಗಳ ನಂತರವೂ ಉಳಿದಿತ್ತು, ತರಗತಿಗೆ ಬಾರದ ತಂದೆತಾಯಿಗಳಲ್ಲೂ ಅದರ ಪ್ರಭಾವ ಕಾಣಿಸಿತು. ಮನೆಯ ಮಗು ಹೇಳಿದ ಮಾತು ಮನೆಯೊಳಗೆ ಇಳಿಯುತ್ತದೆ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ ಆದರೂ, ಅದನ್ನು ಅಳೆದು ತೋರಿಸಿದ್ದು ದೊಡ್ಡ ಕೆಲಸ.

ಬದ್ರಿನಾಥನ್ ಮತ್ತು ಸೈಮನ್ ಶೋಶಾರ್ ಮಾಡಿದ ಇನ್ನೊಂದು ಪ್ರಯೋಗವಿದೆ. ವಾಟ್ಸ್‌ಆ್ಯಪ್ ಮಾತುಕತೆಯಂತೆ ಕಾಣುವ ಸಂಭಾಷಣೆಯಲ್ಲಿ, ಸುಳ್ಳು ಸಂದೇಶದ ಕೆಳಗೆ ಇನ್ನೊಬ್ಬ ಸಾಮಾನ್ಯ ಸದಸ್ಯ ಅದು ನಿಜವಲ್ಲ ಎಂದು ಬರೆದರೆ ಓದುವವರ ನಂಬಿಕೆ ಎಷ್ಟು ಇಳಿಯುತ್ತದೆ ಎಂದು ಅವರು ನೋಡಿದರು. ಆಧಾರ ಕೊಟ್ಟರೂ ಕೊಡದಿದ್ದರೂ ಆ ಒಂದು ಸಾಲಿನಿಂದ ನಂಬಿಕೆ ಇಳಿಯಿತು. ಸುದ್ದಿ ಪರಿಶೀಲನಾ ಸಂಸ್ಥೆಯ ಕೊಂಡಿ ಇಲ್ಲದೆಯೂ ಒಂದು ಸಾಲು ಕೆಲಸ ಮಾಡುತ್ತದೆ ಎಂಬುದು ಧೈರ್ಯ ಕೊಡುವ ಮಾತು.

ಇದನ್ನು ಓದಿದ ಮೇಲೆ ನಮ್ಮ ಕುಟುಂಬದ ಗುಂಪಿನಲ್ಲಿ ನಾನೂ ಬರೆಯತೊಡಗಿದೆ. ಕಳೆದ ಮಳೆಗಾಲದಲ್ಲಿ ಮಕ್ಕಳ ಕಳ್ಳರ ಸಂದೇಶವೊಂದು ಮತ್ತೆ ಬಂದಾಗ, ಇದು ಸುಳ್ಳು, ದಯವಿಟ್ಟು ಕಳಿಸಬೇಡಿ ಎಂದು ಹಾಕಿದೆ. ಯಾರೂ ಉತ್ತರಿಸಲಿಲ್ಲ, ಸಂದೇಶ ಮುಂದಕ್ಕೆ ಹೋಗುತ್ತಲೇ ಇತ್ತು. ಅರ್ಧ ಗಂಟೆಯ ನಂತರ ಹಾಸನದ ದೊಡ್ಡಮ್ಮ ಧ್ವನಿ ಸಂದೇಶ ಕಳಿಸಿದರು. ಹಿನ್ನೆಲೆಯಲ್ಲಿ ಕುಕ್ಕರಿನ ಶಿಳ್ಳೆ ಕೇಳುತ್ತಿತ್ತು. “ಇದು ಹಳೇದು ಕಣ್ರೇ, ಹಿಂದೇನೂ ಬಂದಿತ್ತು. ಆವಾಗ ಪಾಪ ಯಾರನ್ನೋ ಹೊಡೆದು ಸಾಯಿಸಿದ್ರಲ್ಲ, ನೆನಪಿಲ್ವಾ? ಅವನ ತಾಯಿ ಎಷ್ಟು ಅತ್ತಿರಬೇಕು.” ಆಮೇಲೆ ಆ ಸಂದೇಶವನ್ನು ನಮ್ಮಲ್ಲಿ ಯಾರೂ ಕಳಿಸಲಿಲ್ಲ. ಚಿಕ್ಕಮ್ಮ ತಾವು ಹಾಕಿದ್ದನ್ನು ಅಳಿಸಿದರು. ತಿದ್ದುವವರು ಯಾರಾದರೂ ನಡೆದೀತು ಎಂದು ಪ್ರಯೋಗದಿಂದ ನಾನು ಅರ್ಥಮಾಡಿಕೊಂಡಿದ್ದೆ. ನಮ್ಮ ಗುಂಪಿನಲ್ಲಿ ಅದು ದೊಡ್ಡಮ್ಮನೇ ಆಗಬೇಕಿತ್ತು, ಮತ್ತು ಅವರು ಸುಳ್ಳು ಎಂಬ ಪದವನ್ನೇ ಬಳಸಿರಲಿಲ್ಲ.