ಚಳಿಗಾಲದಲ್ಲಿ ಮ್ಯೂನಿಕ್‌ನಿಂದ ವಿಯೆನ್ನಾಕ್ಕೆ ಕಾರಿನಲ್ಲಿ ಹೊರಡುವವರಿಗೆ

ವಿಯೆನ್ನಾದಲ್ಲಿ ಮನೆ ಬಾಡಿಗೆಗೆ ಕೊಡುವವರು ‘ಮನೆಯೆದುರು ರಸ್ತೆಯಲ್ಲಿ ಉಚಿತ ಪಾರ್ಕಿಂಗ್’ ಎಂದು ಬರೆದುಕೊಂಡಿದ್ದರೆ ದಯವಿಟ್ಟು ನಂಬಬೇಡಿ. 2022ರ ಮಾರ್ಚ್ 1ರಿಂದ ಹೆಚ್ಚುಕಡಿಮೆ ಇಡೀ ನಗರವೇ ಅಲ್ಪಾವಧಿ ಪಾರ್ಕಿಂಗ್ ವಲಯವಾಗಿದೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9ರಿಂದ ರಾತ್ರಿ 10ರ ತನಕ, ಹಣ ಕೊಟ್ಟರೂ, ಎರಡು ಗಂಟೆಗಿಂತ ಹೆಚ್ಚು ಹೊತ್ತು ಕಾರು ನಿಲ್ಲಿಸುವಂತಿಲ್ಲ. ನಾವು ಇಳಿದುಕೊಂಡದ್ದು 13ನೇ ವಾರ್ಡಾದ ಹೀಟ್ಸಿಂಗ್‌ನಲ್ಲಿ. ಅಲ್ಲಿ ಹಿಂದೆ ಈ ಕಟ್ಟುಪಾಡು ಇರಲಿಲ್ಲವಾದ್ದರಿಂದ ಮನೆಯಾತ ಹಳೆಯ ಜಾಹೀರಾತನ್ನು ಹಾಗೆಯೇ ಬಿಟ್ಟಿರಬಹುದು ಎಂದು ಮೊದಲು ಅಂದುಕೊಂಡೆವು. ಆದರೆ ನಾವು ಬಾಗಿಲಲ್ಲಿ ಸಾಮಾನು ಇಳಿಸುತ್ತಿರುವಾಗಲೇ ಆತ ತನ್ನ ಪರಿಚಯದವರ ಗ್ಯಾರೇಜೊಂದಿದೆ, ರಾತ್ರಿಗೆ 35 ಯೂರೋ ನಗದು ಕೊಟ್ಟರೆ ಸಾಕು ಎಂದು ಸಿದ್ಧವಾಗಿದ್ದ ದರವನ್ನು ಹೇಳಿದಾಗ, ಇದು ಮರೆವಲ್ಲ, ವ್ಯಾಪಾರ ಎಂಬುದು ಗೊತ್ತಾಯಿತು. ಕತ್ತಲಾಗಿತ್ತು, ಮಗಳು ನಿದ್ದೆಗಣ್ಣಿನಲ್ಲಿದ್ದಳು, ದಾವಣಗೆರೆಯಿಂದ ಬಂದಿದ್ದ ಅತ್ತೆ ಮಾವನವರು ಚಳಿಯಲ್ಲಿ ನಿಂತಿದ್ದರು. ಆ ರಾತ್ರಿಯ ಮಟ್ಟಿಗೆ ಕೊಟ್ಟೆವು.

ಮರುದಿನ ಬೆಳಿಗ್ಗೆ ಕಾರನ್ನು ಹ್ಯೂಟೆಲ್‌ಡಾರ್ಫ್‌ನ ಪಾರ್ಕ್ ಅಂಡ್ ರೈಡ್ ಕಟ್ಟಡಕ್ಕೆ, ಅಂದರೆ ಕಾರು ನಿಲ್ಲಿಸಿ ಮೆಟ್ರೋ ಹಿಡಿಯುವವರಿಗಾಗಿ ಇರುವ ಪಾರ್ಕಿಂಗ್ ಕಟ್ಟಡಕ್ಕೆ, ಒಯ್ದು ಬಿಟ್ಟೆವು. ಅಲ್ಲಿ ಇಡೀ ದಿನಕ್ಕೆ ತಗಲುವುದು ಕೆಲವೇ ಯೂರೋ. ಸಾಲ್ಜ್‌ಬರ್ಗ್ ಕಡೆಯಿಂದ ಬರುವ ಎ1 ಹೆದ್ದಾರಿ ನಗರವನ್ನು ಸೇರುವುದು ಆ ದಿಕ್ಕಿನಿಂದಲೇ. ಯು4 ಮೆಟ್ರೋ ಮಾರ್ಗ ಹೊರಡುವುದೂ ಅಲ್ಲಿಂದಲೇ, ಆ ಒಂದೇ ರೈಲು ಷೋನ್‌ಬ್ರುನ್ ಅರಮನೆಯ ಮೂಲಕ ನಗರದ ನಡುಮಧ್ಯಕ್ಕೆ ಹೋಗುತ್ತದೆ. ಆದ್ದರಿಂದ ನನ್ನ ಸಲಹೆ ಇಷ್ಟೆ: ಪಾರ್ಕಿಂಗ್‌ನ ಹಂಗಿಲ್ಲದೆ, ಯು4 ನಿಲ್ದಾಣಕ್ಕೆ ಹತ್ತಿರವಿರುವ ಕೋಣೆಯನ್ನು ಹುಡುಕಿ, ಮನೆಯವರನ್ನೂ ಪೆಟ್ಟಿಗೆಗಳನ್ನೂ ಅಲ್ಲಿ ಇಳಿಸಿ, ಕಾರನ್ನು ಹ್ಯೂಟೆಲ್‌ಡಾರ್ಫ್‌ನಲ್ಲಿ ನಿಲ್ಲಿಸಿ ಬನ್ನಿ. ಹೊರಡುವ ದಿನದವರೆಗೆ ಅದರ ನೆನಪು ಬೇಡ.

ಇನ್ನು ದಾರಿಯ ವಿಚಾರ. ಮ್ಯೂನಿಕ್‌ನಿಂದ ವಿಯೆನ್ನಾ ಸುಮಾರು 430 ಕಿಲೋಮೀಟರು. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ ಎಂಬ ಸುಂಕ ಕಟ್ಟಬೇಕು, 10 ದಿನಗಳದ್ದಕ್ಕೆ 2025ರಲ್ಲಿ 12.40 ಯೂರೋ ಇತ್ತು. ಅಂತರ್ಜಾಲದಲ್ಲಿ ಹುಡುಕಿದರೆ ಸರ್ಕಾರಿ ತಾಣದಂತೆಯೇ ಕಾಣುವ, ಸೇವಾಶುಲ್ಕದ ಹೆಸರಿನಲ್ಲಿ ಹೆಚ್ಚು ಕೀಳುವ ಮಧ್ಯವರ್ತಿಗಳು ಮೊದಲು ಕಣ್ಣಿಗೆ ಬೀಳುತ್ತಾರೆ. ಹೆದ್ದಾರಿಗಳನ್ನು ನೋಡಿಕೊಳ್ಳುವ ಆಸ್‌ಫಿನಾಗ್ ಸಂಸ್ಥೆಯ ತಾಣವನ್ನೇ ತೆರೆಯಿರಿ. ಕೊಂಡದ್ದು ನಿಮ್ಮ ಕಾರಿನ ನಂಬರಿಗೆ ಜೋಡಣೆಯಾಗುವುದರಿಂದ ನಂಬರನ್ನು ಒಂದೊಂದೇ ಅಕ್ಷರ ನೋಡಿ ತುಂಬಿ. ‘ಐಜಿ-ಎಲ್’ ಎಂಬ ಫಲಕ ಬೆಳಗಿದ ಕಡೆ ವೇಗದ ಮಿತಿ 130ರಿಂದ 100ಕ್ಕೆ ಇಳಿಯುತ್ತದೆ. ಅದು ಗಾಳಿಯ ಮಾಲಿನ್ಯ ತಗ್ಗಿಸುವ ಕಾನೂನಿನ ಮಿತಿ, ರಸ್ತೆ ಖಾಲಿಯಿದೆಯೆಂದು ಉಪೇಕ್ಷಿಸುವಂಥದ್ದಲ್ಲ.

ಚಳಿಗಾಲದ ಟೈರುಗಳ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಗಾಜು ತೊಳೆಯುವ ದ್ರವದ ಬಗ್ಗೆ ಯಾರೂ ಹೇಳುವುದಿಲ್ಲ. ಹಿಮ ಕರಗಿಸಲು ಸುರಿದ ಉಪ್ಪು ಮುಂದಿನ ಲಾರಿಗಳ ಚಕ್ರದಿಂದ ಸಿಡಿದು ಗಾಜಿನ ಮೇಲೆ ಬೆಳ್ಳಗೆ ಒಣಗುತ್ತದೆ. ವೈಪರ್ ಬರಿದೆ ಆಡಿಸಿದರೆ ಅದು ಸುಣ್ಣ ಬಳಿದಂತೆ ಹರಡಿಕೊಳ್ಳುತ್ತದೆ, ಎದುರಿಗೆ ಇಳಿಬಿಸಿಲಿದ್ದರಂತೂ ಏನೂ ಕಾಣುವುದಿಲ್ಲ. ಹೆಪ್ಪುಗಟ್ಟದ ದ್ರವವನ್ನು ಊರಿನ ಅಂಗಡಿಯಲ್ಲೇ ಕೊಂಡು ಒಂದು ಕ್ಯಾನ್ ಡಿಕ್ಕಿಯಲ್ಲಿಟ್ಟುಕೊಳ್ಳಿ. ಹೆದ್ದಾರಿಯ ಬಂಕಿನಲ್ಲಿ ಅದರ ಬೆಲೆ ಕೇಳಿದರೆ ಬೇಸರವಾಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುವುದರಿಂದ ಬೆಳಿಗ್ಗೆಯೇ ಹೊರಡುವುದು ಲೇಸು.

ಊಟಕ್ಕೆ ನಮ್ಮಂಥ ಸಸ್ಯಾಹಾರಿಗಳು ಹೋಗಬೇಕಾದದ್ದು ಲೀಷ್ಟೆನ್‌ಷ್ಟೈನ್ ರಸ್ತೆಯ ‘ವೀನರ್ ದಿವಾನ್’ ಎಂಬ ಪಾಕಿಸ್ತಾನಿ ಊಟದ ಮನೆಗೆ. ಷಾಟೆನ್‌ಟೋರ್ ನಿಲ್ದಾಣದಿಂದ ನಡೆದೇ ಹೋಗಬಹುದು. 2005ರಿಂದ ಅಲ್ಲಿ ಒಂದೇ ಪದ್ಧತಿ: ಹೊಟ್ಟೆ ತುಂಬ ಬಡಿಸಿಕೊಂಡು ಉಣ್ಣಿ, ಕೊನೆಗೆ ನಿಮಗೆ ಸರಿಯೆನಿಸಿದಷ್ಟು ಕೊಡಿ. ಕುಡಿಯುವ ಪಾನೀಯಗಳಿಗೆ ಮಾತ್ರ ನಿಗದಿತ ಬೆಲೆ. ನಾವು ಹೋದ ದಿನ ಬೇಳೆಯ ಸಾರಿನಂಥದ್ದು, ಪಾಲಕ್ ಹಾಕಿದ ಆಲೂಗಡ್ಡೆ, ಅನ್ನ ಎಲ್ಲವೂ ಹಬೆಯಾಡುತ್ತಿದ್ದವು, ಜೀರಿಗೆಯ ಒಗ್ಗರಣೆಯ ಘಮ ಬಾಗಿಲಿಗೇ ಬರುತ್ತಿತ್ತು. ದಾರಿಯುದ್ದಕ್ಕೂ ಬ್ರೆಡ್ಡು, ಚೀಸು ತಿಂದು ಬೇಸತ್ತಿದ್ದ ಅತ್ತೆಯವರು ಎರಡನೆಯ ಸಲ ತಾವೇ ಎದ್ದು ಹೋಗಿ ಅನ್ನ ಹಾಕಿಸಿಕೊಂಡರು. ಮಾವನವರಿಗೆ ಮಾತ್ರ ಬಿಲ್ಲಿಲ್ಲದ ಊಟ ಗಂಟಲಲ್ಲಿ ಇಳಿಯಲೊಲ್ಲದು. ‘ಎಷ್ಟು ಅಂತ ಒಂದು ಮಾತು ಕೇಳಪ್ಪಾ, ಆಮೇಲೆ ಅವಮಾನ ಆಗಬಾರದು’ ಎಂದು ನನ್ನನ್ನು ಕೌಂಟರಿಗೆ ಅಟ್ಟಿದರು. ಅಲ್ಲಿದ್ದಾತ ನಕ್ಕು ಕೈಯಾಡಿಸಿದ. ತಲೆಗೆ ಹತ್ತು ಯೂರೋದಂತೆ ಕೊಟ್ಟು ಬಂದೆವು, ಅದೇ ಬೀದಿಬೀದಿಯ ಕೆಫೆಗಳಲ್ಲಿ ಒಂದು ಕಾಫಿ, ಒಂದು ಕೇಕಿಗೆ ಆಗುವ ಹಣ. ಮಾಂಸದ ಪಾತ್ರೆಗಳೂ ಅಲ್ಲೇ ಪಕ್ಕದಲ್ಲಿರುತ್ತವೆ, ಮಡಿ ಬಿಗಿಯಾಗಿರುವವರಿಗೆ ಇದು ಒಗ್ಗದು.

ಕ್ರಿಸ್‌ಮಸ್ ಸಂತೆಗಳನ್ನು ಮೆಚ್ಚಿ ಬರೆಯುವ ಉತ್ಸಾಹ ನನಗಿಲ್ಲ. ನಗರಸಭೆಯ ಮುಂದಿನ ದೊಡ್ಡ ಸಂತೆಯಲ್ಲಿ ಹೆಜ್ಜೆ ಎತ್ತಿಡಲು ಜಾಗವಿರಲಿಲ್ಲ, ಮಗುವಿನ ಕೈ ಬಿಡದೆ ಹಿಡಿದುಕೊಳ್ಳುವುದೇ ಕೆಲಸವಾಯಿತು. ಜನಜಂಗುಳಿ ಇಷ್ಟವಿದ್ದವರು ಹೋಗಿ, ಆದರೆ ಪಾನೀಯದ ಬೆಲೆಯ ಜತೆಗೆ ಬಟ್ಟಲಿನ ಠೇವಣಿಯನ್ನೂ ಹಿಡಿಯುತ್ತಾರೆ, ಬಟ್ಟಲನ್ನು ಮರಳಿಸಿ ಅದನ್ನು ವಾಪಸು ಪಡೆಯಿರಿ. ನಾವು ಬೇಗನೆ ಹೊರಬಿದ್ದು ನೈಸರ್ಗಿಕ ಇತಿಹಾಸದ ವಸ್ತುಸಂಗ್ರಹಾಲಯ ಹೊಕ್ಕೆವು. ರಾಷ್ಟ್ರೀಯ ವಸ್ತುಸಂಗ್ರಹಾಲಯಗಳಲ್ಲಿ 19 ವರ್ಷದೊಳಗಿನವರಿಗೆ ಪ್ರವೇಶ ಉಚಿತ, ಒಳಗೆ ಬೆಚ್ಚಗಿರುತ್ತದೆ, ಹಿರಿಯರಿಗೆ ಕೂರಲು ಬೆಂಚುಗಳಿವೆ. ಡೈನೊಸಾರ್ ಅಸ್ಥಿಪಂಜರದ ಮುಂದಿನಿಂದ ಮಗಳನ್ನು ಎಬ್ಬಿಸುವುದೇ ಕಷ್ಟವಾಯಿತು.

ಭಾನುವಾರಗಳಲ್ಲಿ, ಡಿಸೆಂಬರ್ 25 ಮತ್ತು 26ರಂದು, ಜನವರಿ 1 ಮತ್ತು 6ರಂದು ಅಂಗಡಿಗಳು ಮುಚ್ಚಿರುತ್ತವೆ. ಹಾಲು ಮೊಸರಿಗೆ ಮುಖ್ಯ ರೈಲು ನಿಲ್ದಾಣದೊಳಗಿನ ಅಂಗಡಿಯೇ ಗತಿ, ಅಲ್ಲಿ ಸಾಲು ಉದ್ದವಿರುತ್ತದೆ. ಮರಳುವಾಗ ಸಾಲ್ಜ್‌ಬರ್ಗ್ ದಾಟಿದೊಡನೆ ವಾಲ್ಸರ್‌ಬರ್ಗ್ ಗಡಿಯಲ್ಲಿ ಜರ್ಮನ್ ಪೊಲೀಸರ ತಪಾಸಣೆಗೆ ವಾಹನಗಳು ಸಾಲುಗಟ್ಟುತ್ತವೆ. ಭಾರತದಿಂದ ಬಂದ ಹಿರಿಯರ ಪಾಸ್‌ಪೋರ್ಟುಗಳನ್ನು ಡಿಕ್ಕಿಯ ಪೆಟ್ಟಿಗೆಯ ತಳಕ್ಕೆ ಹಾಕದೆ ಕೈಗೆಟುಕುವಂತೆ ಇಟ್ಟುಕೊಳ್ಳಿ, ಗಡಿಗೆ ಮುಂಚಿನ ವಿಶ್ರಾಂತಿ ತಾಣದಲ್ಲಿ ಎಲ್ಲರನ್ನೂ ಒಮ್ಮೆ ಇಳಿಸಿ ಶೌಚಾಲಯ ಮುಗಿಸಿಕೊಂಡೇ ಸಾಲಿಗೆ ಸೇರಿ.